ಅಮ್ಮನ ಬರಿ ಹಣೆ

ಬಸವೇಶ್ವರನಗರ, ಗುರುವಾರ

ಸ್ಮೃತಿ ಅಕ್ಕಾರಿಗೆ ಪಾರವ್ವನ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನಿಮ್ಮ ಅಮ್ಮನಿಗೆ ಕೇಳಿಸುತ್ತದೆ, ಅದಕ್ಕೆ ಬರೆದು ಫೋಟೋ ಕಳಿಸುತ್ತಿದ್ದೇನೆ. ಲಕ್ವ ಹೊಡೆದಾಗಿನಿಂದ ಅವರಿಗೆ ಸ್ನಾನ ಮಾಡಿಸಿ ಕುಂಕುಮ ಹಚ್ಚುವವಳು ನಾನೇ. ನನ್ನ ಗಂಡ ತೀರಿಕೊಂಡಿದ್ದನ್ನು ನಿಮಗೆ ಹೇಳಿರಲಿಲ್ಲ. ಕೆಲಸ ಸಿಗಲಿಕ್ಕಿಲ್ಲವೆಂದು ನಾನೂ ಕುಂಕುಮ ಇಟ್ಟುಕೊಂಡೇ ಬಂದೆ. ನಿನ್ನೆ ನನ್ನ ತಮ್ಮ ಊರಿಂದ ವಿಧವಾ ವೇತನದ ಬಗ್ಗೆ ಫೋನು ಮಾಡಿದಾಗ ಅಮ್ಮ ಕೇಳಿಸಿಕೊಂಡರು.

ಇವತ್ತು ಸ್ನಾನಕ್ಕೆ ಏನೂ ಅನ್ನಲಿಲ್ಲ. ಕುಂಕುಮ ತಂದಾಗ ಮಾತ್ರ, "ನೀನು ಹಚ್ಚಬೇಡ ಕಣೇ" ಅಂದು ಮುಖ ತಿರುಗಿಸಿದರು. ನಾಳೆ ನಿಮ್ಮ ತಂದೆ ಪ್ರವಾಸದಿಂದ ಬರುತ್ತಾರೆ. ಅವರು ಆ ಬರಿ ಹಣೆ ನೋಡುವುದರೊಳಗೆ ನೀವು ಬಂದು ಹಚ್ಚಿರಿ.

ನನ್ನನ್ನು ಬಿಡಿಸಿದರೆ ಹೊಸಬಳಿಗೆ ಒಂದು ಮಾತು ಹೇಳಿರಿ. ಸ್ನಾನದಲ್ಲಿ ಅಮ್ಮನ ಬಲತೋಳಿನ ಕೆಳಗೆ ಕೈ ಕೊಟ್ಟೇ ಎತ್ತಬೇಕು. ನೋವಾದರೂ ಅವರು ಹೇಳುವುದಿಲ್ಲ.

ಇಂತಿ,
ಪಾರವ್ವ