ಹದಿಮೂರು ಪಾಯಿಂಟ್ ರಕ್ತ, ಒಂದು ಊದಿದ ಕಾಲು

ಔಷಧಿಗಳ ಅಪಾಯವನ್ನು ಗಮನಿಸಲೆಂದೇ ಕುರ್ಚಿ ಪಡೆದಿರುವ ಮಾನ್ಯರೇ,

ಕ್ಯಾನ್ಸರ್ ರೋಗಿಗಳಿಗೆ ರಕ್ತ ಹೆಚ್ಚಿಸಲು ಕೊಡುವ ಚುಚ್ಚುಮದ್ದನ್ನು ಎಲ್ಲಿ ನಿಲ್ಲಿಸಬೇಕೆಂದು ಕನ್ನಡದಲ್ಲಿ ಹೇಳುವವರಿಲ್ಲದೆ ನನ್ನ ಹೆಂಡತಿ ಖಾದರಬಿ ಹಾಸಿಗೆ ಹಿಡಿದಿದ್ದಾಳೆ. ಎಚ್ಚರಿಕೆ ಇರಲಿಲ್ಲ ಎನ್ನುವುದಿಲ್ಲ. ಡಬ್ಬಿಯೊಳಗೆ ಮೊಳದುದ್ದದ ಹಾಳೆ ಇತ್ತು. ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಯಾರೂ ಓದಬಾರದೆಂದು ಇಷ್ಟು ಶ್ರಮಪಟ್ಟವರಿಗೆ ತಾವು ಇನ್ನೂ ಸನ್ಮಾನ ಮಾಡಿಲ್ಲವೇ?

ನವಲಗುಂದದ ನಮ್ಮ ಓಣಿಯಲ್ಲಿ ಹೆಂಗಸರು ಮನೆಯಲ್ಲೇ ಜಮಖಾನೆ ನೇಯುತ್ತಾರೆ. ಮಗ್ಗದ ಮೇಲೆ ಜಮಖಾನೆ ಬೆಳೆದಷ್ಟೂ ಅವರಿಗೆ ಖುಷಿ. ಅದೇ ಲೆಕ್ಕವನ್ನು ರಕ್ತಕ್ಕೂ ಹಚ್ಚಿದರು. ಎಂಟಿದ್ದ ಹಿಮೋಗ್ಲೋಬಿನ್ ಹತ್ತಾದಾಗ ಎಲ್ಲರಿಗೂ ಚಹಾ, ಹನ್ನೊಂದೂವರೆಗೆ ಮಿರ್ಚಿ ಭಜಿ. ಪ್ರತಿ ಸಲ ರಕ್ತ ಪರೀಕ್ಷಿಸಿ ತನ್ನನ್ನು ಕೇಳಿಯೇ ಸೂಜಿ ಮಾಡಿಸಿ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ನಾವು ಪರೀಕ್ಷಿಸಿದೆವು, ಹಿಗ್ಗಿದೆವು, ಕೇಳದೆ ಸೂಜಿ ಮಾಡಿಸಿದೆವು. ಹದಿನೈದಾದರೆ ದರ್ಗಾದಲ್ಲಿ ಸಿಹಿ ಮಾಲ್ದಿ ಹಂಚುವೆನೆಂದು ಪಕ್ಕದ ಮನೆಯ ರಹೀಮಾಬಿ ಹರಕೆ ಬೇರೆ ಹೊತ್ತಳು. ತಪ್ಪು ನಮ್ಮದೂ ಇದೆ, ಒಪ್ಪುತ್ತೇನೆ.

ಹದಿಮೂರಕ್ಕೆ ಎಡಗಾಲು ಊದಿತು. "ಮಗ್ಗದ ಮುಂದ ಕುಂತು ಕುಂತು ಕಾಲು ಹಿಡದೈತಿ, ತಿಕ್ಕಿದ್ರ ಇಳೀತೈತಿ ಬಿಡ್ರಿ," ಎಂದು ರಹೀಮಾಬಿ ಬಿಸಿ ಎಣ್ಣೆ ಹಚ್ಚಿ ತಿಕ್ಕಿಯೇ ತಿಕ್ಕಿದಳು. ಹುಬ್ಬಳ್ಳಿಯ ಡಾಕ್ಟರು ತಲೆಯ ಮೇಲೆ ಕೈ ಹೊತ್ತರು. "ಕಾಲಾಗ ರಕ್ತ ಹೆಪ್ಪುಗಟ್ಟೇತ್ರಿ. ತಿಕ್ಕಿದಾಗ ಅದು ಎದಿಗಿ ಹೋಗಿದ್ರ? ಈ ಸೂಜಿ ಇರೋದು ಬ್ಯಾರೇದವ್ರ ರಕ್ತ ಏರಿಸೂದು ತಪ್ಪಸಾಕಷ್ಟರಿ, ಅದು ತಪ್ಪಿದ್ರ ಅಲ್ಲಿಗೇ ನಿಲ್ಲಸಬೇಕು. ಮಿತಿ ಮೀರಿದ್ರ ಕೆಲವ್ರಿಗೆ ಕ್ಯಾನ್ಸರ್ ಗಡ್ಡಿನೂ ಬೆಳೀಬಹುದು."

ತಮ್ಮ ಕಚೇರಿಯ ಫಾರ್ಮಿನಲ್ಲೇ ದೂರು ಬರೆದು ಕಳಿಸಿದೆ. 'ಅಪೂರ್ಣ' ಎಂಬ ಮುದ್ರೆ ಹೊತ್ತು ಮರಳಿ ಬಂತು. 'ಪರಿಣಾಮ' ಎಂಬಲ್ಲಿ ನಾನು ಗುರುತು ಹಾಕಿರಲಿಲ್ಲವಂತೆ. ಅಲ್ಲಿದ್ದದ್ದು ಎರಡೇ ಚೌಕ: ಗುಣಮುಖ, ಮರಣ. ಫೋನ್ ಮಾಡಿದರೆ ತಮ್ಮ ಗುಮಾಸ್ತರು ಬಲು ಸೌಜನ್ಯದಿಂದ, "ಗಡಿಬಿಡಿ ಇಲ್ರಿ, ಎರಡರಾಗ ಒಂದು ಆದಮ್ಯಾಲೆ ಕಳಸ್ರಿ," ಎಂದರು. ಯಾವುದಾದರೆ ತಮಗೆ ಅನುಕೂಲ, ಮಾನ್ಯರೇ?

ನಮ್ಮ ಬೇಡಿಕೆ ಇಷ್ಟೇ. ಸೂಜಿ ಎಲ್ಲಿ ನಿಲ್ಲಬೇಕು, ಕಾಲು ಊದಿದರೆ, ಉಸಿರು ಕಟ್ಟಿದರೆ ಎಲ್ಲಿಗೆ ಓಡಬೇಕು ಎಂಬುದನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಬರೆಸಿ. ಜೊತೆಗಿರುವ ಫಾರ್ಮನ್ನು ಇನ್ನೊಮ್ಮೆ ಮರಳಿಸಬೇಡಿ. ನನ್ನ ಕೈಯಿಂದ ಪೆನ್ನು ಕಸಿದುಕೊಂಡು ಮೂರನೆಯ ಚೌಕ ಬರೆದವಳು ಖಾದರಬಿ. ಅದರ ಮುಂದೆ ಅವಳೇ ಬರೆದಿದ್ದಾಳೆ: "ಇನ್ನೂ ಅದೀನ್ರಿ."

ಇಂತಿ,
ಹೆಂಡತಿ ಬದುಕಿರುವ ಕಾರಣಕ್ಕೆ ಅಪೂರ್ಣನಾದ ಅರ್ಜಿದಾರ,
ಇಮಾಮುದ್ದೀನ, ನವಲಗುಂದ