ಕಾಯಾಗಿಯೇ ಉಳಿದ ಟೊಮೇಟೊ

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟಿ,

ನಾವೆಲ್ಲ ಕ್ಷೇಮ ಎಂದು ಬರೆದು ಆ ಸಾಲನ್ನೇ ನೋಡುತ್ತ ಕುಳಿತೆ. ಇರಲಿ ಬಿಡು, ಹೊಡೆದು ಹಾಕುವುದಿಲ್ಲ. ನಿನ್ನ ಕಾಗದ ಬಂದು ತಿಂಗಳಾಯಿತು, ಉತ್ತರ ಬರೆಯದ್ದಕ್ಕೆ ಬೈದುಕೋ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಭಾವ ಪಕ್ಕದಲ್ಲೇ ಕೂತಿರುತ್ತಾರೆ. ಕೆಲಸಕ್ಕೆಂದು ನಮ್ಮಲ್ಲೇ ಇರುವ ನಿನ್ನವರು ಚೆನ್ನಾಗಿ ಉಣ್ಣುತ್ತಿದ್ದಾರೆ, ಆ ಚಿಂತೆ ಬೇಡ. ತಿಂಗಳ ಕೊನೆಗೆ ಊರಿಗೆ ಬಂದಾಗ ತೂಕ ಹಾಕಿ ನೋಡು.

ನೀನು ಕಳಿಸಿದ ಬೀಜದ ಟೊಮೇಟೊ ಹಣ್ಣಾಯಿತಾ ಎಂದು ಕೇಳಿದ್ದೀಯ. ಇಲ್ಲ. ಗಿಡ ನನ್ನೆತ್ತರ ಬೆಳೆದಿದೆ, ಎಲೆ ಕಡುಹಸಿರು, ಕಾಯಿ ಮಾತ್ರ ಕಲ್ಲಿನ ಹಾಗಿದೆ. ಮೊದಲು ಬಿಸಿಲನ್ನು ಬೈದೆ. ವಿಪರೀತ ಸೆಕೆಗೆ ಕಾಯಿ ಬಣ್ಣ ತಿರುಗುವುದಿಲ್ಲವಂತೆ. ಆಮೇಲೆ ನಿನ್ನ ಬೀಜವನ್ನೂ ಬೈದೆ. ಆದರೆ ನಾನೇ ಕೊಟ್ಟ ಅದೇ ಬೀಜದಿಂದ, ಅದೇ ಬಿಸಿಲಿನಲ್ಲಿ ಬೆಳೆದ ಹಣ್ಣನ್ನು ಪಕ್ಕದ ಮನೆಯ ಟೈಲರಮ್ಮ ಬುಟ್ಟಿ ತುಂಬ ತಂದುಕೊಟ್ಟಳು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಅವಳೇ ನಮ್ಮ ಗಿಡದ ಬುಡ ಕೆದಕಿ ನೋಡಿದಳು. ಮಣ್ಣು ಕೆಸರಾಗಿತ್ತು. "ಇಷ್ಟು ನೀರು, ಇಷ್ಟು ಗೊಬ್ಬರ ಸಿಕ್ಕರೆ ಎಲೆ ಬಿಡ್ತಾನೇ ಇರುತ್ತೆ ಅಕ್ಕಾ. ಹಣ್ಣು ಮಾಡೋ ಆತುರ ಅದಕ್ಕೇನಿದೆ?" ಎಂದಳು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಯಜಮಾನ್ರು ದಿನಕ್ಕೆ ಎಷ್ಟು ಸಲ ನೀರು ಹಾಕ್ತಾರೆ, ನೋಡಿದೀರಾ? ನಾನು ಕಿಟಕಿ ಹತ್ರ ಹೊಲಿತಾ ಕೂತಿರ್ತೀನಲ್ಲ, ಕಣ್ಣಿಗೆ ಬೀಳುತ್ತೆ" ಎಂದಳು.

ರಜೆಯ ದಿನ ನಾನೂ ನೋಡಿದೆ. ಎದ್ದ ಕೂಡಲೇ ನೀರು ಬಿಟ್ಟರು. ಚಹಾ ಕುಡಿದು ಮತ್ತೆ ಹೋಗಿ ಬಿಟ್ಟರು. ಪೇಪರ್ ಓದಿ ಎದ್ದು, "ಗಿಡಕ್ಕೆ ನೀರೇ ಹಾಕಿಲ್ಲ ಕಣೇ" ಎಂದರು. ಆಗಲೇ ಹಾಕಿದಿರಲ್ಲ ಎಂದೆ. ಒದ್ದೆ ಮಣ್ಣು ನೋಡಿ, "ನೀನು ಹಾಕಿದ್ಯಾ? ಒಳ್ಳೇದಾಯ್ತು" ಎಂದು ನಕ್ಕರು.

ಗಿಡ ಹಾಳಾಗಲಿ ಪುಟ್ಟಿ. ನಿನ್ನವರು ಕರೆಂಟ್ ಕಂಬ ಹತ್ತಿ ತಂತಿ ಮುಟ್ಟುವಾಗ, ಕೆಳಗೆ ಫ್ಯೂಸ್ ಕಿತ್ತು ಜೇಬಿಗಿಟ್ಟುಕೊಂಡು ಕಾಯುವವರು ಇವರು. ಮೇಲಿದ್ದವರು ಇಳಿದು ಬಂದು ಕೈಚಾಚಿ ಕೇಳುವವರೆಗೆ ಅದು ಜೇಬಿನಿಂದ ಹೊರಬರಬಾರದು. ನಿನ್ನವರಿಗೆ ಊಟಕ್ಕೆ ಬಡಿಸುವಾಗ ನೀರಿನ ವಿಷಯ ಹೇಳಿದೆ. "ಗಿಡಕ್ಕೆ ನೀರು ಜಾಸ್ತಿ ಆದ್ರೆ ಆಗ್ಲಿ ಬಿಡಿ ಅಕ್ಕಾ. ಅಣ್ಣ ಕೆಳಗಿದ್ರೆ ನಾನು ಕಣ್ಮುಚ್ಚಿಕೊಂಡು ಹತ್ತೀನಿ" ಎಂದರು. ಡಾಕ್ಟರ ಹತ್ತಿರ ಹೋಗೋಣವೆಂದರೆ ನಿನ್ನ ಭಾವ, "ನನಗೇನಾಗಿದೆ, ಹಣ್ಣು ಬಿಡದಿರೋ ಗಿಡಕ್ಕೆ ತೋರಿಸು" ಎನ್ನುತ್ತಾರೆ. ನಗು ಬಂತು, ಹೆದರಿಕೆ ಹೋಗಲಿಲ್ಲ.

ಟೈಲರಮ್ಮ ಇವತ್ತೇ ನಿಮ್ಮ ಊರಿಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಮಕ್ಕಳಿಗೆ ನನ್ನ ಮುದ್ದು. ನಿನ್ನ ಸಂಸಾರ ನೂರು ಕಾಲ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ನಿನಗೆ ತಿಳಿಸಬಾರದೆಂದು ನಿನ್ನವರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಶುಕ್ರವಾರ ಮಧ್ಯಾಹ್ನ ನಿನ್ನ ಭಾವ ಒಬ್ಬರೇ ಬಂದು ಕೈತೊಳೆದು ಊಟಕ್ಕೆ ಕುಳಿತರು. ಅವರೆಲ್ಲಿ ಎಂದೆ. "ಯಾರು?" ಎಂದರು. ಚಪ್ಪಲಿಯಿಲ್ಲದೆ ಓಡಿದೆ. ನಿನ್ನವರು ಇನ್ನೂ ಕಂಬದ ಮೇಲೆ ತಂತಿ ಬಿಗಿಯುತ್ತಿದ್ದರು, ನನ್ನನ್ನು ಕಂಡು ಕೈಬೀಸಿದರು. ಕೆಳಗಿನ ಪೆಟ್ಟಿಗೆಯಲ್ಲಿ ಫ್ಯೂಸ್ ವಾಪಸು ಹಾಕಿಯಾಗಿತ್ತು. ಆ ಹೊತ್ತಿಗೆ ಊರಿಗೆಲ್ಲ ಕರೆಂಟ್ ಹೋಗಿತ್ತು, ಅವರ ಜೀವ ಉಳಿದದ್ದು ಅದರಿಂದ. "ಹೇಳಿದ್ರೆ ಅಣ್ಣನ ಕೆಲಸ ಹೋಗುತ್ತೆ ಅಕ್ಕಾ, ನಾನು ಹುಷಾರಾಗಿರ್ತೀನಿ" ಎನ್ನುತ್ತಾರೆ ನಿನ್ನವರು. ನಾಳೆ ಬೆಳಿಗ್ಗೆ ಇಬ್ಬರೂ ಮತ್ತೆ ಜೊತೆಗೇ ಹೊರಡುತ್ತಾರೆ. ನಾನು ಅವರ ಆಫೀಸಿನ ಗೇಟಿನ ತನಕ ಹೋದೆ. ಗಂಡನ ಮೇಲೆ ದೂರು ಕೊಡಲು ಬಾಯಿ ಬರದೆ ತಿರುಗಿ ಬಂದೆ. ನೀನು ಬಂದು ಕೊಡು.