ದೀಪದ ಹೊತ್ತಿನ ಹಿಂಬಾಗಿಲು

ಮಕ್ತಲ್, ಜೂನ್ ೨, ೨೦೧೪, ಸೋಮವಾರ

ಆ ಚಪ್ಪಾಳೆ ಇನ್ನೂ ಕಿವಿಯಿಂದ ಹೋಗುತ್ತಿಲ್ಲ.

ಇವತ್ತು ಹುಟ್ಟಿದ ಹೊಸ ತೆಲುಗು ರಾಜ್ಯದ ಸಂಭ್ರಮಕ್ಕೆ ಬೆಳಿಗ್ಗೆ ಶಾಲೆಯಲ್ಲಿ ಕವಿಗೋಷ್ಠಿ ಇತ್ತು. ನಾನು ಕನ್ನಡದಲ್ಲಿ ಮುಸ್ಸಂಜೆಯ ಮೇಲೆ ಪದ್ಯ ಓದಿದೆ. ಗೋಧೂಳಿ, ಕುಂಕುಮದ ಬಾನು, ಅಗಲಿದ ಚಕ್ರವಾಕಗಳು, ಪುಸ್ತಕಗಳಲ್ಲಿ ಇರುವುದೆಲ್ಲ ಇತ್ತು. ಜನ ಆಕಳಿಸಿದರು. ಆಮೇಲೆ ಹಿಂದಿನ ಓಣಿಯ ಸುನಿತಾ ತೆಲುಗಿನಲ್ಲಿ ಓದಿದಳು. ಅವಳದೂ ಮುಸ್ಸಂಜೆಯೇ. ದೀಪ ಹಚ್ಚುವಾಗ ಲಕ್ಷ್ಮಿ ಹೊರಟುಹೋಗದಂತೆ ಹಿಂಬಾಗಿಲು ಮುಚ್ಚುತ್ತೇವಲ್ಲ, ಆ ಬಾಗಿಲ ಆಚೆ ಮಜ್ಜಿಗೆ ಹಿಡಿದು ನಿಂತ ಗೆಳತಿಯ ಮೇಲಿನ ಪದ್ಯ. ಅಷ್ಟೇ. ತೆಲುಗಿಗೆ ಬಿದ್ದ ಚಪ್ಪಾಳೆ ಎಂದುಕೊಂಡೆ. ಸುಳ್ಳು. ನನ್ನ ಕಣ್ಣೂ ಒದ್ದೆಯಾಗಿತ್ತು. ದಿನಾ ನಾನೇ ಮುಚ್ಚುವ ಬಾಗಿಲು ನನಗೇಕೆ ಕಾಣಲಿಲ್ಲ?

ಸಂಜೆ ದೀಪ ಹಚ್ಚುತ್ತಿದ್ದಾಗ ಹಿಂಬಾಗಿಲು ಬಡಿದ ಸದ್ದಾಯಿತು.

“ಅಕ್ಕಾ, ನಾನು ಸುನಿತಾ. ಪಾಯಸ ತಂದೀನ್ರಿ, ಬಾಗ್ಲ ತಗೀರಿ.”

ಬೇರೆ ದಿನವಾದರೆ ಅತ್ತೆಯ ಕಣ್ಣು ತಪ್ಪಿಸಿ ತೆರೆಯುತ್ತಿದ್ದೆ. ಇವತ್ತು ಅತ್ತೆಗೆ ಕೇಳುವಂತೆಯೇ ಕೂಗಿದೆ. “ದೀಪ ಹಚ್ಚೋ ಹೊತ್ತೈತಿ ಸುನಿತಾ, ಈಗ ತೆಗ್ಯಾಕ ಬರಂಗಿಲ್ಲ.”

ಅವಳು ಆಚೆಯಿಂದಲೇ ಹೇಳಿದಳು. “ಹೌದಲ್ರೀ ಅಕ್ಕಾ, ಮರ್ತಿದ್ದೆ.”

“ಛಲೋ ಮಾಡಿದಿ,” ಎಂದರು ಅತ್ತೆ.

ಮುಂಬಾಗಿಲಿಗೆ ಬರುತ್ತಾಳೆಂದು ಕಾದೆ. ಬರಲಿಲ್ಲ.

ಈಗ ಅವಳ ಕಿಟಕಿಯಲ್ಲೂ ಬೆಳಕಿದೆ. ಬರೆಯುತ್ತಿರಬೇಕು. ಅದೇ ಬಾಗಿಲು, ಈ ಸಲ ಒಳಗೆ ನಿಂತವಳೂ ಇರುತ್ತಾಳೆ. ನನ್ನನ್ನೂ ನನಗಿಂತ ಚೆನ್ನಾಗಿಯೇ ಬರೆಯುತ್ತಾಳೆ.